ಮಠದ ಆಂಪ್ಲಿಫೈಯರ್

ಮಕ್ತಲ್. 16 ನವೆಂಬರ್, ಭಾನುವಾರ.

ನಾನು ರಜೆಗೆ ಬಂದ ಹೊತ್ತಿಗೆ ಮಠದ ಆಂಪ್ಲಿಫೈಯರ್ ಕೆಟ್ಟಿತ್ತು. "ನನ್ನ ಮಗ ಮಿಲಿಟ್ರಿಯಾಗ ರೇಡಾರ್ ರಿಪೇರಿ ಮಾಡ್ತಾನ್ರಿ, ಇದ್ಯಾವ ಲೆಕ್ಕ?" ಎಂದು ಅವ್ವ ಅದನ್ನು ಮನೆಗೇ ತರಿಸಿದಳು. ನಾನು ಬೇಡವೆನ್ನಲಿಲ್ಲ.

ಮಿಲಿಟ್ರಿಯಲ್ಲಿ ಹನ್ನೊಂದು ವರ್ಷ ನಾನು ಮಾಡಿದ್ದು ಒಂದೇ: ಕೆಟ್ಟ ಸರ್ಕಿಟ್ ಬೋರ್ಡ್ ಹುಡುಕಿ ತೆಗೆದು ಹೊಸದನ್ನು ಕೂರಿಸುವುದು. ಬೋರ್ಡಿನ ಒಳಗಿನ ರಿಪೇರಿ ಮೇಲಿನ ದರ್ಜೆಯವರದು. ಆ ದರ್ಜೆಯ ಪರೀಕ್ಷೆಯಲ್ಲಿ ಎರಡು ಸಲ ಫೇಲಾದೆ. ಮನೆಯಲ್ಲಿ ಹೇಳಿಲ್ಲ.

ಒಂದು ತಾಸು ಮೀಟರ್ ಹಿಡಿದು ಕೂತವನು ಕೊನೆಗೆ, "ಇದರ ಬೋರ್ಡ್ ಹೈದರಾಬಾದಿಂದ ತರಸ್ಬೇಕಾಗತೈತ್ರಿ" ಎಂದು ಸುಳ್ಳು ಹೇಳಿದೆ. ಮಠದ ದೇವೇಂದ್ರಪ್ಪನವರು ಅದನ್ನು ಮೈಕ್‌ಸೆಟ್ ಅಂಗಡಿಯ ಪೆದ್ದಯ್ಯನ ಹತ್ತಿರ ಒಯ್ದರು. ನಾನೂ ಹೋದೆ. ಪೆದ್ದಯ್ಯ ಬೋರ್ಡನ್ನು ಮೂಸಿ ನೋಡಿ ಎರಡು ಕಡೆ ಸೋಲ್ಡರ್ ಹಾಕಿದ, ಅಷ್ಟೆ. ದನಿ ಬಂತು.

ಪೆದ್ದಯ್ಯ ನನ್ನ ಮುಖ ನೋಡಿ ದೇವೇಂದ್ರಪ್ಪನವರಿಗೆ ಹೇಳಿದ: "ಎಲ್ಲಿ ಬಿಟ್ಟೈತಂತ ಈ ಸಾಹೇಬ್ರೇ ಗುರುತು ಮಾಡಿಟ್ಟಿದ್ರು. ನಾ ಬರೇ ಸೋಲ್ಡರ್ ಹಾಕೀನ್ರಿ."

ನಾನು ಯಾವ ಗುರುತೂ ಮಾಡಿರಲಿಲ್ಲ. ಆದರೂ ಹೌದೆಂದು ತಲೆಯಾಡಿಸಿದೆ.

ಅವ್ವ ಸಂಜೆಯಿಂದ ಓಣಿಯಲ್ಲೆಲ್ಲ ಅದನ್ನೇ ಹೇಳಿಕೊಂಡು ತಿರುಗಿದ್ದಾಳೆ.

ನಾಳೆ ಪೆದ್ದಯ್ಯನ ಹತ್ತಿರ ಹೋಗಿ, ಅದು ಹೇಗೆ ತಿಳೀತು, ನನಗೂ ಕಲಿಸು ಎಂದು ಕೇಳಬೇಕು. ಅಂಗಡಿಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ.