ಮೂರನೇ ತಿರುವಿನ ನೀರು

ಶಹಾಬಾದ,
೧೮ನೇ ದೈ, ೧೩೪೭ ಫಸಲಿ

ಮನೆಯವರ ಪಾದಕ್ಕೆ ಗುರುಲಿಂಗಮ್ಮ ಮಾಡುವ ಶರಣು.

ಇಲ್ಲಿ ನಾವೆಲ್ಲ ಕ್ಷೇಮ. ಅತ್ತೆಯವರ ಮೊಣಕಾಲಿನ ಬಾವು ಇಳಿದಿದೆ, ಬಾಯಿ ಮಾತ್ರ ಇಳಿದಿಲ್ಲ. ನಿಮ್ಮ ಕಾಗದ ಬಂದು ಒಂದೂವರೆ ತಿಂಗಳಾಯಿತು. ತಡವಾದದ್ದಕ್ಕೆ ಕ್ಷಮಿಸಿ. ಜ್ವರ ಬಂದಿತ್ತು, ಮನೆಯಲ್ಲಿ ಶಾಯಿ ಇರಲಿಲ್ಲ ಎಂದೆಲ್ಲ ನೆವ ಹೇಳುವುದಿಲ್ಲ. ಬೇಕೆಂದೇ ಬರೆಯಲಿಲ್ಲ. ಇಷ್ಟು ದಿನ ನನ್ನ ಕಾಗದಗಳನ್ನೆಲ್ಲ ಅಪ್ಪ ಬರೆದುಕೊಡುತ್ತಿದ್ದ. ಇದನ್ನು ಅಪ್ಪನ ಕೈಯಿಂದ ಬರೆಸುವ ಹಾಗಿಲ್ಲ. ಸಣ್ಣವಳಿದ್ದಾಗ ಅವನು ಫರ್ಸಿ ಕಲ್ಲಿನ ಮೇಲೆ ಕೆಮ್ಮಣ್ಣಿನಿಂದ ತಿದ್ದಿಸಿದ ಅಕ್ಷರ ಇವತ್ತು ಉಪಯೋಗಕ್ಕೆ ಬಂತು. ಸೊಟ್ಟಗಿದ್ದರೆ ನಗಬೇಡಿ.

ತೊಗರಿ ಹೂ ಬಿಟ್ಟಿದೆ. ಸೇಡಂನಿಂದ ನಿಮ್ಮ ತಂಗಿ ಮಾಳಮ್ಮ ಬಂದು ನಾಲ್ಕು ದಿನ ಇದ್ದು ಹೋದಳು. "ಅಣ್ಣ ಹೈದರಾಬಾದಿನಾಗ ಏನು ಮಾಡ್ಲಿಕತ್ತಾನ?" ಎಂದು ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ನಿಮ್ಮ ತಾಯಿ, "ಮಂದಿ ಮನಿ ಕಟ್ತಾರ, ಗುಡಿ ಕಟ್ತಾರ. ನನ್ನ ಮಗ ಕುಂತವರ ಜೀವ ಬಾಯಿಗೆ ಬರೋ ಗಾಡಿ ಕಟ್ಟಾಕತ್ತಾನ ನೋಡವ್ವ!" ಎಂದರು. ಹಾಗೆ ಅಂದರೂ ಬಾವಿಕಟ್ಟೆಯಲ್ಲಿ ಸಿಕ್ಕವರಿಗೆಲ್ಲ ನಿಮ್ಮ ಸುದ್ದಿಯನ್ನೇ ಹೇಳುತ್ತಾರೆ.

ನಿಮ್ಮ ಕಾಗದ ತಂದವನು ವಾಡಿಯ ಗಾರ್ಡು ಮಜೀದಸಾಬ. ಅಂಗಳದಲ್ಲಿ ಕೂತು ಚಹಾ ಕುಡಿಯುತ್ತ ಅವನು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. "ಭಾಬಿ, ಏನು ಹೇಳ್ಲಿ! ಸರ್ವರಬೇಗಂ ಅನ್ನೋ ಶ್ರೀಮಂತರ ಬಾಗಿನಾಗ, ದೊಡ್ಡ ತೋಟದಾಗ, ಆರಾಳೆತ್ತರ ಕಟ್ಟಿಗಿ ಗುಡ್ಡ ನಿಂತದ. ಅದರ ಮ್ಯಾಲ ಹಳಿ, ಹಳಿ ಮ್ಯಾಲ ಗಾಡಿ. ಎಂಜಿನ್ ಇಲ್ಲ, ಎತ್ತಿಲ್ಲ, ತಾನೇ ಇಳಿತದ, ತಾನೇ ಏರ್ತದ. ನಿಜಾಮರ ರಾಜ್ಯದಾಗ ಇಂಥಾದ್ದು ಯಾರೂ ಕಟ್ಟಿಲ್ಲಂತ. ಚಂದ್ರಾಮಪ್ಪ ಮಿಸ್ತ್ರಿ ಅಂದ್ರ ಈಗ ಸಣ್ಣ ಮನುಷ್ಯಾ ಅಲ್ಲ!" ನನಗೆ ಆನಂದವಾಯಿತು, ಸುಳ್ಳಲ್ಲ. ಆಮೇಲೆ ಸುಮ್ಮನೆ ಇರಬಾರದೇ? "ಮೊದಲು ಯಾರು ಕುಂತ್ರು?" ಎಂದು ಕೇಳಿದೆ.

"ಮತ್ಯಾರು, ಬಾಗಿನ ಮಾಲಕಿ ಬೇಗಂ ಸಾಹೇಬರೇ. ಗಾಳಿಗೆ ಹಾರ್ತದಂತ ಮುಖದ ನಕಾಬ್ ತೆಗದಿಟ್ಟು ಕುಂತ್ರಂತ. ತೊಡಿ ಮ್ಯಾಲ ನೀರು ತುಂಬಿದ ಗಿಲಾಸ್. ಮಾಲಿ ಹೇಳಿದ. ಭಾಳ ಧೈರ್ಯದ ಹೆಣ್ಣುಮಗಳು, ಭಾಬಿ."

ನೀರು ತುಂಬಿದ ಗಿಲಾಸು! ಬೇಗಂ ನಿಮಗೆ ಕೈಯಾರೆ ಉಣ್ಣಿಸಿದಳು ಎಂದಿದ್ದರೆ ಕಾಗದದಲ್ಲೇ ನಾಲ್ಕು ಮಾತು ಬೈದು ಸುಮ್ಮನಾಗುತ್ತಿದ್ದೆ. ತುಂಬಿದ ನೀರು ಹಿಡಿದು ನಿಮ್ಮ ಗಾಡಿಯಲ್ಲಿ ಕೂಡುವುದು ನನ್ನ ಕೆಲಸವಾಗಿತ್ತು. ಅದನ್ನು ಇನ್ನೊಬ್ಬಳಿಗೆ ಕೊಡುವ ಮೊದಲು ಒಂದು ಮಾತು ಕೇಳಬಹುದಿತ್ತು.

ಮಜೀದಸಾಬ ಹೋದ ಮೇಲೆ ಕಾಗದ ಒಡೆದು ಓದಿದೆ. "ಮೂರನೇ ತಿರುವಿಗೆ ಗಾಡಿ ಒಳಗಡೆ ವಾಲುತ್ತಿದೆ. ಬೇಗಂ ಸಾಹೇಬರ ಗಿಲಾಸಿನ ನೀರೂ ಒಳಗಡೆಗೇ ಚೆಲ್ಲುತ್ತಿದೆ. ಗಿಲಾಸಿನದೇ ತಪ್ಪಿರಬೇಕು. ನೀನು ಕೂತು ಪಾಸು ಮಾಡಿದ ತಿರುವು ಅದು, ತಪ್ಪಿರುವುದಿಲ್ಲ. ನಿನ್ನ ಹಿತ್ತಾಳಿ ಲೋಟಾ ಮಜೀದಸಾಬನ ಕೈಯಲ್ಲಿ ಕಳಿಸು. ಬಹಮನ್ ತಿಂಗಳ ಒಂದಕ್ಕೆ ಮಂದಿಯನ್ನು ಕೂಡಿಸಬೇಕು." ಲೋಟಾ ಕಳಿಸು ಎಂದಿದೆ. ನೀನು ಬಾ ಎಂದು ಎಲ್ಲೂ ಇಲ್ಲ, ತಿರುಗಿಸಿ ಮುರುಗಿಸಿ ನೋಡಿದೆ. ಹದಿನೈದು ದಿನಕ್ಕೆ ಎರಡನೇ ಕಾಗದ ಬಂತು, "ಲೋಟಾ ಇನ್ನೂ ಮುಟ್ಟಿಲ್ಲ" ಎಂದು. ಲೋಟಾದ ಕ್ಷೇಮ ಕೇಳಿದಿರಿ, ಸಂತೋಷ.

ಹಳೆಯದನ್ನು ಸ್ವಲ್ಪ ನೆನಪು ಮಾಡಿಕೊಡುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಆಗ ನೀವು ಫರ್ಸಿ ಖಣಿಯಲ್ಲಿ ಟ್ರಾಲಿ ಹಳಿಯ ಮಿಸ್ತ್ರಿ. ಬೊಂಬಾಯಿಯಿಂದ ಬಂದ ಒಂದು ಕ್ಯಾಲೆಂಡರಿನಲ್ಲಿ ಬಿಳಿಯರು ಕಟ್ಟಿಗೆಯ ಗುಡ್ಡದಿಂದ ಗಾಡಿಯಲ್ಲಿ ಕೈ ಎತ್ತಿಕೊಂಡು ಇಳಿಯುವ ಚಿತ್ರ ನೋಡಿದಿರಿ. ಒಂದು ವಾರ ರೊಟ್ಟಿ ಮುರಿದು ಕೈಯಲ್ಲಿ ಹಿಡಿದು ಅದನ್ನೇ ನೋಡುತ್ತ ಕೂತಿರಿ. ಆಮೇಲೆ ಕಲ್ಲು ತೆಗೆದು ಬಿಟ್ಟ ಹಳೇ ಖಣಿಯಲ್ಲಿ ಮೂಲೆಗೆ ಎಸೆದ ಹಳಿ, ಸವೆದ ಗಾಲಿ ಕೂಡಿಸಿ ಆರು ವರ್ಷ ಒದ್ದಾಡಿದಿರಿ. ಜನ ನಕ್ಕರು, ನೀವು ತಲೆ ಎತ್ತಲಿಲ್ಲ.

ಆದರೆ ಕೂಡುವವರು ಯಾರು? ಚಿಂಚೋಳಿ ಗುಡ್ಡದ ಇಳಿಜಾರಿನಲ್ಲಿ ಎತ್ತಿನ ಬಂಡಿ ತುಸು ಜೋರಾದರೆ ನನ್ನ ಸೆರಗು ಹಿಡಿದು ಕಣ್ಣು ಮುಚ್ಚುವ ಗಂಡಸು ನೀವು. ನಿಮ್ಮ ಗಾಡಿಯಲ್ಲಿ ಇವತ್ತಿನವರೆಗೂ ನೀವು ಒಂದು ಸಲವೂ ಕೂತಿಲ್ಲ. ಇದು ನಿಮ್ಮನ್ನು ಹೊಗಳುವವರಿಗೆ ಗೊತ್ತೇನು? ಕೂತವಳು ನಾನು. ಲೋಟಾಕ್ಕೆ ಕಂಠದವರೆಗೆ ನೀರು ತುಂಬಿ ನನ್ನ ತೊಡೆಯ ಮೇಲಿಟ್ಟು, "ಗಟ್ಟಿ ಹಿಡಿಬ್ಯಾಡ, ಕೈ ಬಿಡಲೂ ಬ್ಯಾಡ. ನೀರು ಎಲ್ಲಿ ಚೆಲ್ತದ, ಅಲ್ಲಿ ನನ್ನ ತಪ್ಪದ" ಎನ್ನುತ್ತಿದ್ದಿರಿ. ಆಮೇಲೆ ಹಳಿಗುಂಟ ಬಗ್ಗಿ ನಡೆದು ಕಲ್ಲಿನ ಮೇಲೆ ಒದ್ದೆ ಎಲ್ಲಿದೆ ಎಂದು ಹುಡುಕುತ್ತಿದ್ದಿರಿ. ನೀರು ತಿರುವಿನ ಹೊರಗಡೆ ಬಿದ್ದಿದ್ದರೆ ಹೊರಗಿನ ಹಳಿಯ ಕೆಳಗೆ ಫರ್ಸಿಯ ಚಕ್ಕೆ ತುರುಕಿ ಎತ್ತರಿಸುತ್ತಿದ್ದಿರಿ. ಎರಡನೇ ತಿರುವಿನಲ್ಲಿ ನಾನು ಎಗರಿ ಬಿದ್ದು ಗದ್ದ ಒಡೆದುಕೊಂಡಾಗಲೂ ಓಡಿಬಂದು ಲೋಟಾ ಎತ್ತಿ, "ಎಷ್ಟು ಉಳದದ?" ಎಂದಿರಿ. ಖಣಿಯ ಮಂದಿ ನಕ್ಕರು, ನಾನೂ ನಕ್ಕೆ.

ಈಗ ಹೇಳಲೇಬೇಕಾದದ್ದನ್ನು ಹೇಳುತ್ತೇನೆ. ನಮ್ಮ ಖಣಿಯ ಮೂರನೇ ತಿರುವು ಮೊದಲನೇ ದಿನವೇ ಸರಿಯಿತ್ತು. ಲೋಟಾದ ನೀರು ಅಲುಗಲಿಲ್ಲ. ದೂರದಲ್ಲಿ ನೀವು ಅಳತೆಯ ಪುಸ್ತಕ ಮಡಚಲು ತಯಾರಾಗಿ ನಿಂತಿದ್ದಿರಿ. ಇದು ಕಡೇ ತಿರುವು, ನಾಳೆಯಿಂದ ನನ್ನನ್ನು ಯಾರೂ ಗಾಡಿಯಲ್ಲಿ ಕೂಡಿಸುವುದಿಲ್ಲ, ಮತ್ತೆ ಒಲೆ, ರೊಟ್ಟಿ, ಅತ್ತೆಯ ಮಾತು ಎನ್ನಿಸಿತು. ಲೋಟಾವನ್ನು ನಾನೇ ಹೊರಗಡೆಗೆ ಬಗ್ಗಿಸಿ ಚೆಲ್ಲಿದೆ. ನೀವು ಹಳಿ ಎತ್ತರಿಸಿದಿರಿ. ಮರುದಿನ ಮತ್ತೆ ಚೆಲ್ಲಿದೆ. ನಾಲ್ಕು ದಿನ ಹೀಗೇ ಆಯಿತು, ಹಳಿ ಎರಡು ಬೆರಳು ಏರಿತು. ಐದನೇ ದಿನ ನೀರು ನಿಜವಾಗಿಯೂ ಒಳಗಡೆ ಬರತೊಡಗಿತು. ಹೆದರಿ ಮಣಿಕಟ್ಟು ತಿರುಗಿಸಿ ಸಮ ಹಿಡಿದೆ. "ಈಗ ಬರೋಬ್ಬರಿ ಆಯ್ತು ನೋಡು!" ಎಂದು ಪುಸ್ತಕದಲ್ಲಿ ಬರೆದುಕೊಂಡಿರಿ. ಆ ಸುಳ್ಳು ಅಳತೆಯ ಮೇಲೆ ಈಗ ಬಾಗಿನಲ್ಲಿ ಕಟ್ಟಿದ್ದೀರಿ.

ನಿಮ್ಮ ಕಾಗದ ಓದಿದ ಕ್ಷಣವೇ ನನಗೆ ಗೊತ್ತಾಗಿತ್ತು. ಆದರೂ ಒಂದೂವರೆ ತಿಂಗಳು ಬಾಯಿ ಬಿಡಲಿಲ್ಲ. ಆ ಬೇಗಂಳ ರೇಶ್ಮೆ ಬಟ್ಟೆ ಒದ್ದೆಯಾಗಲಿ ಎಂದುಕೊಂಡೆ. ಒಂದು ದಿನ ಬಿದ್ದರೂ ಬೀಳಲಿ ಎಂದುಕೊಂಡೆ. ಎಂಥ ಮನಸ್ಸು ನನ್ನದು, ನೋಡಿ.

ನಿನ್ನೆ ಮಜೀದಸಾಬ ಮತ್ತೆ ಬಂದ. ಜೊತೆಗೆ ಅವನ ಏಳು ವರ್ಷದ ಮಗಳು ಮಾಸುಮಬಿ, ಹೊಸ ಲಂಗ ಹಿಡಿದುಕೊಂಡು ಅಂಗಳದಲ್ಲಿ ಗಿರಗಿರ ತಿರುಗಿದಳು. ಬರುವ ತಿಂಗಳು ಬಹಮನ್ ಒಂದಕ್ಕೆ ಅಪ್ಪನ ಜೊತೆ ಹೋಗಿ ನಿಮ್ಮ ಗಾಡಿಯಲ್ಲಿ ಕೂಡುವವಳು ಅವಳು. "ಚಾಚಿ, ನೀ ಕುಂತಿದ್ದಿ ಅಲಾ? ಅಂಜಿಕಿ ಆಗ್ತದೇನು?" ಎಂದು ಕೇಳಿದಳು. "ಏನೂ ಆಗಲ್ಲ, ಗಟ್ಟಿ ಹಿಡ್ಕೋ" ಎಂದೆ. ಅವಳು ಹೋದ ಮೇಲೆ ಕಾಗದ, ಶಾಯಿ ಹುಡುಕಿ ಇಟ್ಟೆ.

ಆದ್ದರಿಂದ ಈ ಕಾಗದ ಕೈ ಸೇರಿದ ಕೂಡಲೇ ಮೂರನೇ ತಿರುವಿನ ಹೊರಗಿನ ಹಳಿ ಇಳಿಸಿ. ಇಲ್ಲಿ ತಪ್ಪಿದ್ದು ಎರಡು ಬೆರಳು. ಅಲ್ಲಿ ಎಷ್ಟು ಪಟ್ಟು ದೊಡ್ಡದಾಗಿ ಕಟ್ಟಿದ್ದೀರೋ ಅಷ್ಟು ಪಟ್ಟು ಇಳಿಸಿ. ಇಳಿಸುವವರೆಗೆ ಯಾರನ್ನೂ ಕೂಡಿಸಬೇಡಿ. ಆಮೇಲೆ ಬೇಗಂಳ ಕೈಯಲ್ಲೇ ಗಿಲಾಸು ಕೊಟ್ಟು ನೋಡಿ. ಗಿಲಾಸಿನದು ಏನೂ ತಪ್ಪಿಲ್ಲ. ಆ ಹೆಣ್ಣುಮಗಳು ನೀರು ಹೇಗಿತ್ತೋ ಹಾಗೆ ಹಿಡಿದಿದ್ದಾಳೆ, ನಾನು ಹಿಡಿಯಲಿಲ್ಲ. ಲೋಟಾ ಮಾತ್ರ ಕಳಿಸುವುದಿಲ್ಲ. ಅದು ನಿಮಗೆ ಬೇಕಾಗಿಲ್ಲ.

ಬಸವಣ್ಣ ನಿಮ್ಮ ಕೈಗೆ ಬಲ ಕೊಡಲಿ. ನಿಮ್ಮ ಗಾಡಿಯಲ್ಲಿ ಕೂತವರಿಗೆಲ್ಲ ಬಿದ್ದೆ ಬಿದ್ದೆ ಅನ್ನಿಸಲಿ, ಒಬ್ಬರೂ ಬೀಳದಿರಲಿ. ಹೊತ್ತಿಗೆ ಸರಿಯಾಗಿ ಉಣ್ಣಿರಿ.

ನಿಮ್ಮ
ಗುರುಲಿಂಗಮ್ಮ

ತಾ. ಕ.: ಗಾಡಿಯ ಆಸೆಗೆ ನೀರು ಚೆಲ್ಲಿದೆ ಎಂದು ಮೇಲೆ ಬರೆದದ್ದು ಅರ್ಧ ಮಾತು. ಆರು ವರ್ಷ ನಾನು ಗಾಡಿಯಿಂದ ಇಳಿದಾಗಲೆಲ್ಲ ನೀವು ಮೊದಲು ನೋಡಿದ್ದು ಲೋಟಾವನ್ನು. ಲೋಟಾ ಪೂರ್ತಿ ಬರಿದಾಗಿದ್ದರೆ ಒಂದು ಸಲವಾದರೂ ನನ್ನ ಮುಖ ನೋಡಿ, "ಯಾಕ, ನಿನಗೇನಾಯ್ತು?" ಎಂದು ಕೇಳುತ್ತೀರೇನೋ ಎಂದುಕೊಂಡಿದ್ದೆ. ನಾಲ್ಕು ದಿನವೂ ನೀವು ಹಳಿಯ ಕಡೆಗೇ ಹೋದಿರಿ. ಈಗ ಒಂದು ಕೇಳುತ್ತೇನೆ. ಬೇಗಂ ನಕಾಬ್ ಇಲ್ಲದೆ ಇಳಿದಾಗ ನೀವು ಮೊದಲು ನೋಡಿದ್ದು ಗಿಲಾಸನ್ನೋ, ಅವಳ ಮುಖವನ್ನೋ? ಗಿಲಾಸನ್ನು ಎಂದಾದರೆ ಒಂದು ಸಾಲು ಬರೆಯಿರಿ. ಮುಖವನ್ನು ಎಂದಾದರೆ ಏನೂ ಬರೆಯಬೇಡಿ.