ಮುಗಿಲಿನ ಟಗರು

ಶ್ರೀಮಂತಣ್ಣಾ,

ಸಮಸ್ತ ನಿಲಂಗಾ ತಾಲೂಕಿಗೆ ತಿಳಿಯಪಡಿಸುವುದೇನೆಂದರೆ, ನಮ್ಮವ್ವನ ಕುರಿ ಕಾಯುವ ಕೋಲು ಇಂದು ಬೆಳಗಿನಿಂದ ವಿಮಾನ ಇಲಾಖೆಗೆ ವರ್ಗವಾಗಿದೆ.

ಹೈದರಾಬಾದಿನಲ್ಲಿ ಕೂತು ವಿಮಾನಗಳು ಡಿಕ್ಕಿಯಾಗದಂತೆ ಅಂತರ ಕಾಯುವ ನಿನ್ನ ನೌಕರಿಯನ್ನು ಅವ್ವ ಊರಿಗೆಲ್ಲ ಹೇಗೆ ಹೇಳುತ್ತಿದ್ದಳು, ನೆನಪಿದೆಯಲ್ಲ? “ನನ್ನ ಮಗಾ ಮುಗಿಲಾಗ ಟಗರಿನ ಜಗಳಾ ಬಿಡಸ್ತಾನ್ರೀ!”

ಇವತ್ತು ನಮ್ಮ ಅಂಗಳದ ಮೇಲೆ ಎರಡು ವಿಮಾನಗಳು ಎದುರುಬದುರು ಬಂದವು. ಅವ್ವ ಕೋಲೆತ್ತಿಕೊಂಡು ಓಡಿದಳು. “ಹೊಯ್! ಸರೀ, ಸರೀ!”

“ಅವ್ವಾ, ಒಂದು ಇನ್ನೊಂದಕ್ಕಿಂತ ಸಾವಿರ ಫೂಟ್ ಮ್ಯಾಲ ಅದ,” ಎಂದೆ.

“ನಿನಗೇನ್ ತಿಳೀತದ? ಬಿಡಸಾಂವಾ ಈಗ ಇಲ್ಲಲ್ಲೋ!”

ನಿನ್ನ ಕುರ್ಚಿಯಲ್ಲಿ ಬೇರೆಯವರು ಕೂತಿದ್ದಾರೆ ಎನ್ನಲು ನನಗೆ ಬಾಯಿ ಬರಲಿಲ್ಲ. ಆಕಾಶದಲ್ಲಿ ಸಾವಿರ ಅಡಿ ಅಂತರ ಇಡುತ್ತಿದ್ದ ನಿನಗೆ ವಲಾಂಡಿ ರಸ್ತೆಯ ಲಾರಿ ಒಂದು ಗೇಣನ್ನೂ ಬಿಡಲಿಲ್ಲ. ಆ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಆಡುವುದಿಲ್ಲ.

ವಿಮಾನಗಳು ತಮ್ಮ ಪಾಡಿಗೆ ತಾವು ಹೋದವು. “ಇವು ಹೋದ್ವು. ಮುಂದಿನವು?” ಎಂದು ಅವ್ವ ಅಲ್ಲೇ ನಿಂತಳು. ಊಟಕ್ಕೆ ಕರೆದರೂ ಕೋಲು ಇಳಿಸಲಿಲ್ಲ.

ಅಲ್ಲಿ ನಿನಗೆ ಪುರಸೊತ್ತಿದ್ದರೆ ಒಂದು ಕೆಲಸ ಮಾಡು. ಮಧ್ಯಾಹ್ನದ ವಿಮಾನವನ್ನು ನಮ್ಮ ಅಂಗಳ ಬಿಟ್ಟು ಸ್ವಲ್ಪ ಉದ್ಗೀರದ ಮೇಲಿಂದ ಕಳಿಸು. ಅವಳು ಒಂದು ತುತ್ತು ಉಣ್ಣಲಿ.