ತಿರುಗಿ ಬಂದ ಬಾಗಿನ

ಹಾಸನ,
ಗೌರಿ ಹಬ್ಬದ ದಿನ

ದುದ್ದದ ದೇವರಾಜಣ್ಣನಿಗೆ, ಹಿರಿಯನೆಂಬ ಒಂದೇ ಕಾರಣಕ್ಕೆ ನಮಸ್ಕಾರ.

ನಿನ್ನ ಮಗ ಸುದರ್ಶನ ನನ್ನ ಮನೆಯಲ್ಲಿದ್ದಾನೆ. ತನಗೆ ಹುಡುಗರೇ ಇಷ್ಟ ಎಂದು ಬಾಯಿಬಿಟ್ಟವನ ಕೆನ್ನೆಗೆ ಹೊಡೆದು ನೀನು ಆಚೆ ಹಾಕಿದೆ. "ಆ ಥಾಯ್ ಸೀರಿಯಲ್ ನೋಡಿ ಕೆಟ್ಟೋದ ಕಣಮ್ಮಿ" ಎಂದು ನನಗೆ ಫೋನೂ ಮಾಡಿದೆ.

ಅದೇನು ಕೆಡುಕು ನೋಡೇಬಿಡೋಣವೆಂದು ನಾನೂ ಅವನ ಪಕ್ಕ ಕೂತು ಪೂರ್ತಿ ನೋಡಿದೆ. ಇಬ್ಬರು ಹುಡುಗರು ಪ್ರೀತಿಸುತ್ತಾರೆ, ಜಗಳವಾಡುತ್ತಾರೆ, ಒಂದೇ ಬಟ್ಟಲಲ್ಲಿ ಉಣ್ಣುತ್ತಾರೆ. ಅದರಲ್ಲಿ ಕೆಟ್ಟವನು ಮಗನಿಗೆ ಹೊಡೆದ ಅಪ್ಪ ಒಬ್ಬನೇ. "ನಿನ್ ಕೈ ಸೇದೋಗ!" ಎಂದು ಟಿವಿಗೇ ಬೈದೆ.

"ಅತ್ತೆ, ಅವ್ರಿಗೆ ಕನ್ನಡ ಬರಾಕಿಲ್ಲ" ಎಂದು ಸುದರ್ಶನ ನಕ್ಕ. ಇಲ್ಲಿಗೆ ಬಂದಮೇಲೆ ಅವನು ನಕ್ಕಿದ್ದು ಅದೇ ಮೊದಲು. ನಾನು ಬೈದದ್ದು ಕನ್ನಡ ಬರುವವನಿಗೇ ಎಂದು ಅವನಿಗೆ ಹೇಳಲಿಲ್ಲ.

ಕೊನೆಯ ಕಂತಿನಲ್ಲಿ ಆ ಅಪ್ಪ ತಾನಾಗಿ ಮಗನ ಬಾಗಿಲಿಗೆ ಬಂದ. ನೀನು ಬಾಗಿನವನ್ನು ಬಸ್ಸಿನ ಕಂಡಕ್ಟರ್ ಕೈಲಿ ಕಳಿಸಿದ್ದೀಯ! ಮೊರ ಬಿಚ್ಚದೆ, ಈ ಪತ್ರದ ಜೊತೆ ಅದೇ ಬಸ್ಸಿಗೆ ಹಾಕುತ್ತಿದ್ದೇನೆ. ತವರಿನ ಬಾಗಿನ ತಿರುಗಿಸಬಾರದೆಂದು ಗೊತ್ತಿದ್ದೇ ಮಾಡುತ್ತಿದ್ದೇನೆ.

ನೀನೇ ತಂದುಕೊಡು. ಬಾಗಿಲು ತೆಗೆಯುವವನು ಸುದರ್ಶನ. ಹೊಡೆದ ಕೈಯಲ್ಲಿ ಮೊದಲು ಅವನ ಕೆನ್ನೆ ಸವರು. ನನ್ನ ಬಾಗಿನ ಆಮೇಲೆ.

ಇನ್ನೂ ನಿನ್ನ ತಂಗಿಯೇ ಆಗಿರುವ,
ಜಯಂತಿ